ಒರೆಸಿದರೆ ಬರುವ ಹಾಡು

ಡೇಜಾನ್ ಸೀಮೆಯಲ್ಲಿ ಪ್ಯೋ ವಂಶವೆಂದರೆ ಸಾಮಾನ್ಯವಲ್ಲ. ಅಜ್ಜ ಪ್ಯೋ ಮಾನ್‌ಬೊಕ್ ಸುಗ್ಗಿಯಲ್ಲಿ ಕಂಚಿನ ಜಾಗಟೆ ಬಡಿದರೆ ಮೂರು ಹಳ್ಳಿಯ ಕಾಲುಗಳು ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಬೀಳುತ್ತಿದ್ದವು. ಅಪ್ಪ ಪ್ಯೋ ಗಾಪ್‌ಸುಲ್ ಊರ ಮೈಕಿನ ಮುಂದೆ ಕೂತು ಮೂವತ್ತು ವರ್ಷ ಹಳ್ಳಿಯನ್ನು ಎಬ್ಬಿಸಿದವನು; ಒಮ್ಮೆ ಆತ ಸುಮ್ಮನೆ ಕೆಮ್ಮಿದ್ದಕ್ಕೆ ಅರ್ಧ ಊರು ಗದ್ದೆಗೆ ಹೊರಟುಬಿಟ್ಟಿತ್ತು. ಇಬ್ಬರಿಗೂ ಯಾರೂ ಏನೂ ಹೇಳಿಕೊಟ್ಟವರಲ್ಲ. "ಹೇಗೆ ಮಾಡೋದು?" ಎಂಬ ಮಾತು ಆ ವಂಶದ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ.

ಆ ಬಳ್ಳಿಯ ಕಾಯಿ ದಾಲ್‌ಸು. ವಯಸ್ಸು ಎಪ್ಪತ್ತೊಂದು. ಮಾರುಕಟ್ಟೆಯ ಮೇಲಿನ ಮಹಡಿಯಲ್ಲಿ ಒಂದು ಕುಣಿತದ ಹಾಲ್ ಇದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ವಯಸ್ಸಾದವರು ಅಲ್ಲಿ ಜೋಡಿ ಕಟ್ಟಿ ಹೆಜ್ಜೆ ಹಾಕುತ್ತಾರೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಹಾಡು ಹಾಕುವ ಕುರ್ಚಿ ದಾಲ್‌ಸುವಿನದು.

ಆ ಕುರ್ಚಿಗೇ ಈಗ ಸಂಚಕಾರ ಬಂದಿತ್ತು. ಸೋಮವಾರ ಹಾಲಿನ ಒಡತಿ ಬಾಂಗ್ ಕರೆದು ಹೇಳಿದಳು: "ನಿಮ್ಮ ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋದರೊಳಗೆ ಜನ ಕೈ ಬಿಟ್ಟು ಕೈಚೀಲ ಹುಡುಕ್ತಾರೆ. ಚೀಲ ಸಿಕ್ಕಿದ ಮೇಲೆ ಮನೆ ನೆನಪಾಗುತ್ತೆ. ಎದುರು ಹಾಲಿನ ತಾಕ್ ನೋಡಿ, ಹಾಡಿಗೆ ಹಾಡು ಹೊಲಿದ ಹಾಗೆ ಸೇರಿಸ್ತಾನೆ. ಶನಿವಾರದೊಳಗೆ ನೀವೂ ಹಾಗೆ ಮಾಡಿ. ಇಲ್ಲಾಂದ್ರೆ ತಾಕ್‌ನೇ ಕರೀತೀನಿ."

ದಾಲ್‌ಸು ಮರುದಿನವೇ ಮನೆಗೊಂದು ಮಿಡಿ ಕಂಟ್ರೋಲರ್ ತಂದ. ಮೇಲೆ ಕೆಳಗೆ ಜಾರುವ ಎಂಟು ಗುಂಡಿಗಳ ಒಂದು ಹಲಗೆ ಅದು. ತಂತಿಯಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಯಾವ ಗುಂಡಿ ಯಾವ ಹಾಡಿನ ದನಿ ಏರಿಸಬೇಕೆಂದು ಅದಕ್ಕೆ ಕಲಿಸಬೇಕು. ಪರದೆಯ ಮೇಲೆ 'ಕಲಿ' ಎಂಬ ಬಟನ್ ಒತ್ತುವುದು, ಗುಂಡಿ ಜಾರಿಸುವುದು, ಕಲಿತುಬಿಡುತ್ತದೆ. ಪರದೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ಹಾಡು. ಬಲದ ಹಾಡಿಗೆ ಎರಡನೆಯ ಗುಂಡಿ ಕಲಿಸಿದ, ಆಮೇಲೆ ಎಡದ ಹಾಡಿಗೆ ಮೊದಲನೆಯದು. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರೆ ಹಾಡಿನೊಳಗೆ ಹಾಡು ಹಾಲಿನಲ್ಲಿ ಸಕ್ಕರೆ ಕರಗಿದಂತೆ ಕರಗಿತು.

"ಅಳಿಯನ್ನ ಕರೀಲಾ? ಅವನಿಗೆ ಇವೆಲ್ಲ ಗೊತ್ತು," ಎಂದಳು ಹೆಂಡತಿ ಒಕ್‌ಬುನ್.

"ನಮ್ಮಜ್ಜ ಜಾಗಟೆ ಬಡಿಯೋಕೆ ಅಳಿಯನ್ನ ಕರೆದಿದ್ನಾ?"

ಮಲಗುವಾಗ ಅವನಿಗೊಂದು ಜಾಣತನ ಹೊಳೆಯಿತು. 'ಕಲಿ' ಬಟನ್ ಆರಿಸಲಿಲ್ಲ. ಬೆಳಗಿನವರೆಗೂ ಕಲಿತರೆ ಇನ್ನಷ್ಟು ಪಳಗುತ್ತದಲ್ಲ.

ಬೆಳಿಗ್ಗೆ ಬಟನ್ ಆರಿಸಿ ಮೊದಲನೆಯ ಗುಂಡಿ ಏರಿಸಿದ. ಎಡದ ಹಾಡು ಸದ್ದೇ ಮಾಡಲಿಲ್ಲ. ಮತ್ತೆ ಕಲಿಸಿದ; ಸರಿಯಾಯಿತು; ರಾತ್ರಿಯೆಲ್ಲ ಕಲಿಯಲು ಬಿಟ್ಟ. ಮರುದಿನ ಬೆಳಿಗ್ಗೆ ಮತ್ತೆ ಮೂಕ. ಪ್ಯೋ ವಂಶದವನು ತಪ್ಪು ಮಾಡುವುದುಂಟೇ? ಯಾರೋ ಒಳಗೆ ಬಂದು ಕೈಯಾಡಿಸುತ್ತಿದ್ದಾರೆ. ಯಾರು? ಬುಧವಾರ ತಾಕ್ ಒಂದು ಪೆಟ್ಟಿಗೆ ಪರ್ಸಿಮನ್ ಹಣ್ಣು ತಂದಿದ್ದನಲ್ಲ. ಹಲಗೆಯನ್ನು ಬಗ್ಗಿ ನೋಡಿ, "ಅಣ್ಣ, ಕಷ್ಟ ಆದ್ರೆ ಹೇಳಿ, ನಾನು ಕೂರಿಸಿಕೊಡ್ತೀನಿ," ಎಂದಿದ್ದ. ಹಣ್ಣು ಕೊಟ್ಟು ಕುರ್ಚಿ ಕೀಳುವ ಜಾತಿ.

ದಾಲ್‌ಸು ಬೋನು ಒಡ್ಡಿದ. ಮತ್ತೆ ಕಲಿಸಿ, ಕಲಿಯಲು ಬಿಟ್ಟು, ಎಂಟೂ ಗುಂಡಿಗಳ ತಲೆಯ ಮೇಲೆ ಒಂದೊಂದು ಎಳ್ಳು ಇಟ್ಟು ಮಲಗಿದ. ಬೆಳಿಗ್ಗೆ ನೋಡಿದರೆ ಎಳ್ಳೂ ಇಲ್ಲ, ಎಡದ ಹಾಡೂ ಇಲ್ಲ. ಎಂಟು ಗುಂಡಿಗಳೂ ಸಾಲಾಗಿ ಕೆಳಕ್ಕೆ ಇಳಿದು ಕೂತಿವೆ. ಹೆಂಡತಿಯನ್ನು ಕೇಳೋಣವೆಂದರೆ, ತಾಕ್ ತಂದ ಹಣ್ಣನ್ನು ಅವಳು ಬಾಯ್ತುಂಬ ಹೊಗಳಿದ್ದಳು. ಯಾರನ್ನು ನಂಬುವುದು? ಯಾರಿಗೂ ಹೇಳದೆ ಬಾಗಿಲಿನ ಬೀಗದ ನಂಬರನ್ನೇ ಬದಲಿಸಿಬಿಟ್ಟ.

ಹನ್ನೊಂದು ಗಂಟೆಗೆ ಬಾಗಿಲು ದಬದಬ ಬಡಿಯಿತು. ಎರಡೂ ಕಂಕುಳಲ್ಲಿ ಕೋಸು ಅಮುಕಿಕೊಂಡು ಒಕ್‌ಬುನ್ ನಿಂತಿದ್ದಳು.

"ಮಿರಾನ್ ಅಪ್ಪ," ಎಂದು ಮಗಳ ಹೆಸರು ಹಿಡಿದೇ ಗಂಡನನ್ನು ಕರೆದಳು, "ನಾಲ್ಕು ಸಲ ಒತ್ತಿದೆ. ಐದನೇ ಸಲಕ್ಕೆ ಬೀಗ ಕಿರುಚಿಕೊಳ್ತು. ಪಕ್ಕದ ಮನೆಯೋರು ನನ್ನನ್ನೇ ಕಳ್ಳಿ ಅಂದ್ಕೊಂಡು ಇಣುಕಿದ್ರು."

"ಕಳ್ಳರು ಗುರುತಿನೋರೇ ಆಗಿರ್ತಾರೆ," ಎಂದ ದಾಲ್‌ಸು, ಅವಳ ಮುಖವನ್ನೇ ದಿಟ್ಟಿಸುತ್ತ.

"ಹೌದು. ಒಬ್ಬನ ಜೊತೆ ನಲವತ್ತಾರು ವರ್ಷದಿಂದ ಸಂಸಾರ ಮಾಡ್ತಾ ಇದೀನಿ. ಕೋಸು ಹಿಡ್ಕೊಳ್ಳಿ."

ಶುಕ್ರವಾರ ಸಂಜೆ ಹಲಗೆಗೆ ಮತ್ತೆ ಪಾಠ ಹೇಳಿದ. ಕೊನೆಯ ದಿನವೆಂದು ಈ ಸಲವೂ ರಾತ್ರಿಯೆಲ್ಲ ಕಲಿಯಲು ಬಿಟ್ಟ. ಬೆಳಿಗ್ಗೆ ಪರೀಕ್ಷಿಸಲು ಹೊತ್ತಿರಲಿಲ್ಲ; ಬಟನ್ ಆರಿಸಿ, ಮಡಿಸುವ ಕಂಪ್ಯೂಟರನ್ನು ಹೆಗಲ ಚೀಲಕ್ಕೆ ಹಾಕಿ, ಒಕ್‌ಬುನ್ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟ ಹಲಗೆಯನ್ನು ಎದೆಗವಚಿಕೊಂಡು ಹಾಲಿಗೆ ನಡೆದ.

ಮೊದಲು ಬಲದ ಹಾಡು. ಅರವತ್ತು ಜೋಡಿ ತೇಲಿದವು. ಹಾಡು ಮುಗಿಯುತ್ತ ಬಂತು. ಎಡದ ಹಾಡು ಶುರುಮಾಡಿ ಮೊದಲನೆಯ ಗುಂಡಿ ಏರಿಸಿದ. ಮೌನ. ಇಳಿಸಿ ಏರಿಸಿದ. ಮೌನ. ಬಲದ ಹಾಡು ಮುಗಿದೇಹೋಯಿತು. ಕೈಗಳು ಬಿಟ್ಟವು. ಒಬ್ಬಾಕೆ ಕೈಚೀಲದತ್ತ ತಿರುಗಿದಳು. ಬಾಗಿಲ ಬಳಿಯಿಂದ ಬಾಂಗ್ ಅವನತ್ತ ಹೊರಟಳು, ಮುಖ ಗಂಟಿಕ್ಕಿಕೊಂಡು. ದಾಲ್‌ಸುವಿನ ಹಣೆಯ ಬೆವರು ಹಲಗೆಯ ಮೇಲೆ ತೊಟ್ಟಿಕ್ಕಿತು. ಕರವಸ್ತ್ರ ತೆಗೆದು ಹಲಗೆಯನ್ನು ಕೆಳಗಿನಿಂದ ಮೇಲಕ್ಕೆ ಸರ್ರನೆ ಒರೆಸಿದ.

ಹಾಡು ಮೊಳಗಿತು.

ಯಾಕೆಂದು ಕೇಳಲು ಪುರಸೊತ್ತಿರಲಿಲ್ಲ. ಅಂದು ಐದು ಗಂಟೆಯವರೆಗೂ ಹಾಗೇ ನಡೆಸಿದ. ಎಡದ ಹಾಡು ಬರಬೇಕಾದಾಗ ಮೇಲಕ್ಕೆ ಒರೆಸುವುದು, ಹೋಗಬೇಕಾದಾಗ ಕೆಳಕ್ಕೆ ಒರೆಸುವುದು, ಬಲದ ಹಾಡಿನ ಎರಡನೆಯ ಗುಂಡಿಯನ್ನು ಮಾತ್ರ ಬಟ್ಟೆಯ ಜೊತೆ ಜಾರದಂತೆ ಹೆಬ್ಬೆರಳಿನಿಂದ ಅದುಮಿ ಹಿಡಿಯುವುದು. ಹಾಡಿಗೆ ಹಾಡು ಹೊಲಿದಂತೆ ಕೂಡಿತು. ಯಾರೂ ಕೈಚೀಲ ಮುಟ್ಟಲಿಲ್ಲ.

"ಕುರ್ಚಿ ನಿಮ್ಮದೇ," ಎಂದಳು ಬಾಂಗ್. "ಇಷ್ಟು ಶುಭ್ರವಾಗಿ ಹಾಡು ಹಾಕೋರನ್ನ ನಾನು ನೋಡಿರಲಿಲ್ಲ."

ಅಷ್ಟರಲ್ಲಿ ಒಕ್‌ಬುನ್ ಮೆಟ್ಟಿಲೇರಿ ಬಂದಳು. ಹಿಂದೆಯೇ, ತನ್ನ ಹಾಲ್ ಮುಚ್ಚಿ ಬಂದ ತಾಕ್. ಗಂಡನ ಕೈಯಲ್ಲಿ ಒದ್ದೆ ಕರವಸ್ತ್ರ ಕಂಡು ಅವಳು ಹುಬ್ಬೇರಿಸಿದಳು.

"ಮತ್ತೆ ಯಾಕೆ ಒರೆಸ್ತೀರಿ? ಬೆಳಿಗ್ಗೆ ತಾನೇ ಒರೆಸಿದ್ನಲ್ಲ. ಊಟದ ಮೇಜಿನ ಮೇಲಿರೋ ಸಾಮಾನನ್ನ ದಿನಾ ಒರೆಸ್ದೇ ಬಿಡ್ತೀನಾ? ಅದರ ಮೇಲೆ ಎಳ್ಳು ಬೇರೆ ಚೆಲ್ಕೊಂಡಿದ್ರಿ."

"ಅಕ್ಕ, ಹೇಗೆ ಒರೆಸಿದ್ರಿ?" ಎಂದ ತಾಕ್.

"ಈ ತುದಿಯಿಂದ ಒಂದೊಂದೇ ಮೇಲಕ್ಕೆ ತಳ್ಳಿ, ಅಡೀನೂ ಒರೆಸಿ, ಮತ್ತೆ ಕೆಳಕ್ಕೆ ಎಳೆದು, ಈ ತುದೀಲಿ ಮುಗಿಸ್ತೀನಿ." ಅವಳ ಬೆರಳು ಎಂಟನೆಯ ಗುಂಡಿಯ ಮೇಲೆ ನಿಂತಿತು.

ತಾಕ್ ನಗು ತಡೆದುಕೊಂಡ. "ಅಣ್ಣ, 'ಕಲಿ' ಬಟನ್ ಆರಿಸದೆ ಮಲಗಿದ್ರಾ? ಕೊನೇಲಿ ಮುಟ್ಟಿದ್ದನ್ನೇ ಅದು ಕಲಿಯೋದು. ನಿಮ್ಮ ಎಡದ ಹಾಡೆಲ್ಲ ಅಕ್ಕನ ಎಂಟನೇ ಗುಂಡೀಲಿ ಕೂತಿದೆ. ತನ್ನಿ, ಎರಡು ನಿಮಿಷ, ಸರಿ ಮಾಡಿಕೊಡ್ತೀನಿ."

ದಾಲ್‌ಸು ಹೆಂಡತಿಯನ್ನು ನೋಡಿದ. ನಾಲ್ಕು ದಿನ ಹುಡುಕಿದ ಕಳ್ಳಿ ಅವನ ಕೈಯಿಂದ ಕರವಸ್ತ್ರ ಕಿತ್ತುಕೊಂಡು ಮೂಸಿ ಮುಖ ಸಿಂಡರಿಸುತ್ತಿದ್ದಳು. ಅವನು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಬಿಗಿದ.

"ಬೇಡ ತಮ್ಮ, ನೀನು ಮುಟ್ಬೇಡ. ಇದಕ್ಕೆ ಪಾಠ ಹೇಳೋರು ನಮ್ಮನೇಲೇ ಇದಾರೆ. ದಾರಿ ಬಿಡು, ಸೋಮವಾರಕ್ಕೆ ಆ ಕರವಸ್ತ್ರ ಒಗೆದು ಒಣಗಿಸ್ಬೇಕು."