ಅಪ್ಪನ ಫ್ಯಾನಿಗೆ ನಾನು ಕಟ್ಟಿದ ಚಾರ್ಜರ್

ಒಂದು ವಿದ್ಯೆ ಪೂರ್ತಿ ಬಂದವನಿಂದ ಊರಿಗೆ ಉಪಯೋಗವಿದೆ. ಯಾವ ವಿದ್ಯೆಯೂ ಬಾರದವನಿಂದ ಊರಿಗೇನೂ ತೊಂದರೆಯಿಲ್ಲ. ಎರಡು ವಿದ್ಯೆ ಅರ್ಧರ್ಧ ಬಂದವನು ಮಾತ್ರ ಮನೆಯಲ್ಲಿರಬಾರದು. ನನಗೆ ಬರುತ್ತಿದ್ದದ್ದು ಅಂಥವು ಎರಡು. ಮೊದಲನೆಯದು ಇನ್ನೊಬ್ಬರ ದನಿ ತೆಗೆಯುವುದು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾನು ಮಾವಿನ ಮಂಡಿಯ ದಲ್ಲಾಳಿಯಂತೆ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಿದ್ದರು. ಹೈಸ್ಕೂಲಿನ ಹೆಡ್‌ಮಾಸ್ಟರಂತೆ ಕೆಮ್ಮಿದರೆ ಮದುವೆಯಾಗಿ ಮಕ್ಕಳಿದ್ದವರೂ ಬೀಡಿ ಬಿಸಾಡುತ್ತಿದ್ದರು. ಎರಡನೆಯದು ಎಲೆಕ್ಟ್ರಾನಿಕ್ಸ್. ಕೋಲಾರದಲ್ಲಿ ಒಂದು ವರ್ಷ ಐಟಿಐ ಓದಿ, ಅಲ್ಲಿ ಪಾಠ ಹೇಳುತ್ತಿದ್ದವರ ದನಿಯನ್ನು ಅವರ ಬೆನ್ನ ಹಿಂದೆ ನಿಂತು ತೆಗೆದು, ಅವರು ತಿರುಗಿ ನೋಡಿದ್ದರಿಂದ ಎರಡನೆಯ ವರ್ಷ ಓದುವ ಕಷ್ಟ ತಪ್ಪಿಸಿಕೊಂಡಿದ್ದೆ. ಡಯೋಡ್ ಎಂದರೇನು ಎಂಬುದು ಮೊದಲ ವರ್ಷದಲ್ಲಿತ್ತು. ಡಯೋಡ್ ಯಾಕೆ ಸುಟ್ಟುಹೋಗುತ್ತದೆ ಎಂಬುದು ಬಹುಶಃ ಮುಂದಿನ ವರ್ಷದ ಪಾಠ.

ಈ ಎರಡೂ ವಿದ್ಯೆಗಳಿಗೆ ಒಟ್ಟಿಗೆ ಕೆಲಸ ಸಿಕ್ಕಿದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಅಪ್ಪ ಹಾಸಿಗೆ ಹಿಡಿದಾಗ. ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ಶ್ರೀನಿವಾಸಪುರದಿಂದ ಕೋಲಾರ, ಅಲ್ಲಿಂದ ಮುಳಬಾಗಿಲು, ಮತ್ತೆ ವಾಪಸ್ಸು. ಕನ್ನಡದಲ್ಲಿ ಶುರು ಮಾಡಿದ ಬೈಗುಳವನ್ನು ತೆಲುಗಿನಲ್ಲಿ ಮುಗಿಸುತ್ತಿದ್ದ. “ಯಾವನ್ಲಾ ಅವ್ನು ಫುಟ್‌ಬೋರ್ಡ್ ಮ್ಯಾಲೆ? ಒಳಗ್ ಬಾರಲಾ, ಲೋಪಲಿಕಿ ರಾ!” ಎಂದರೆ ನೇತಾಡುತ್ತಿದ್ದವರು ಮಾತ್ರವಲ್ಲ, ಕೂತವರೂ ಇನ್ನಷ್ಟು ಒಳಗೆ ಸರಿಯುತ್ತಿದ್ದರು. ಒಂದು ಬೆಳಿಗ್ಗೆ ಕೋಲಾರದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ ಕೆಳಗಿಳಿದವನು ಹಾಗೇ ಕುಸಿದ. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಸಲ ಹೋದವು. ಉಳಿದದ್ದು ಎಡಗೈ ಮತ್ತು ‘ದಾ’ ಎಂಬ ಒಂದು ಸದ್ದು. ನೀರಿಗೂ ದಾ, ನೋವಿಗೂ ದಾ.

ನೋಡಲು ಬಂದವರಿಗೆ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ತಂದ ಮೂಸಂಬಿಯನ್ನು ತಾವೇ ನೋಡುತ್ತ ಕೂರುತ್ತಿದ್ದರು. ಆ ಮೌನ ನನಗೆ ತಡೆಯಲಾಗಲಿಲ್ಲ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಕಂಡಕ್ಟರ್ ಬಂದು, “ಎಂಗಿದ್ದೀಯಾ ಎಂಕಟಪ್ಪಾ?” ಎಂದಾಗ ಅಪ್ಪ “ದಾ... ದಾ” ಎಂದ. ನಾನು ಮಂಚದ ಹಿಂದೆ ನಿಂತು, ಅಪ್ಪನ ಗಂಟಲಲ್ಲೇ, “ಎಂಗಿರಾದು? ಬಲಗಡೆ ಎರಡೂ ಟೈರ್ ಪಂಚರ್ ಕಣ್ಲಾ, ಸ್ಟೆಪ್ನಿ ಕೊಟ್ಟಿಲ್ಲ ದೇವ್ರು” ಅಂದೆ. ಕಂಡಕ್ಟರ್ ನಕ್ಕ, ನಗುತ್ತಲೇ ಅತ್ತ. ಅಮ್ಮನೂ ಸೆರಗಿನ ಹಿಂದೆ ನಕ್ಕಳು. ಅಷ್ಟು ಸಾಕಾಯಿತು ನನಗೆ. ಅಂದಿನಿಂದ ಅಪ್ಪನ ಪರವಾಗಿ ನಾನೇ ಮಾತಾಡತೊಡಗಿದೆ. ಬಂದವರು ಮೊದಮೊದಲು ಅಪ್ಪನನ್ನು ನೋಡಿ ಕೇಳಿ, ಉತ್ತರಕ್ಕೆ ನನ್ನನ್ನು ನೋಡುತ್ತಿದ್ದರು. ಒಂದು ವಾರವಾದ ಮೇಲೆ ಪ್ರಶ್ನೆಯನ್ನೂ ನನ್ನನ್ನೇ ನೋಡಿ ಕೇಳತೊಡಗಿದರು.

ಅಷ್ಟರಲ್ಲಿ ಅಪ್ಪನ ಬಲ ಸೊಂಟದ ಮೇಲೆ ಹುಣ್ಣಾಯಿತು. ಡಾಕ್ಟರು ಬಂದು ನೋಡಿ, “ಇದು ಹೆಚ್ಚಾದರೆ ಲಕ್ವಕ್ಕಿಂತ ಇದೇ ಕೊಂಡೊಯ್ಯುತ್ತೆ. ಗಾಳಿ ಆಡಬೇಕು, ಬೆವರಬಾರದು, ಆಗಾಗ ಮಗ್ಗುಲು ಬದಲಾಯಿಸಿ” ಎಂದರು. ನಮ್ಮದು ಕಲ್ಲುಚಪ್ಪಡಿ ಹೊದಿಸಿದ ಮನೆ. ಏಪ್ರಿಲ್‌ನಲ್ಲಿ ಒಳಗೆ ರೊಟ್ಟಿ ಸುಡಬಹುದಿತ್ತು. ಕರೆಂಟು ಬೆಳಿಗ್ಗೆ ಒಮ್ಮೆ ಬಂದು ಮುಖ ತೋರಿಸಿ ಹೋದರೆ ಮತ್ತೆ ಸಂಜೆಗೆ. ಆಗ ಬಸ್ಸಿನ ಓನರ್ ಒಂದು ಉಪಕಾರ ಮಾಡಿದರು. ಅಪ್ಪ ಓಡಿಸುತ್ತಿದ್ದ ಬಸ್ಸಿನದೇ ಹಳೆಯ ಬ್ಯಾಟರಿ, ಡ್ರೈವರ್ ಸೀಟಿನ ಮುಂದೆ ಇರುತ್ತಿದ್ದ ಪುಟ್ಟ ಫ್ಯಾನು, ಎರಡನ್ನೂ ಕಳಿಸಿಕೊಟ್ಟರು. ಶೆಡ್ಡಿನ ಮೆಕ್ಯಾನಿಕ್ಕೇ ಬಂದು ಫ್ಯಾನಿನ ವೈರುಗಳನ್ನು ಬ್ಯಾಟರಿಗೆ ಬಿಗಿದು ಹೋದ. ಅಪ್ಪನ ಹುಣ್ಣಿಗೆ ಗಾಳಿ ತಾಗಿತು. ಅವತ್ತು ಅಪ್ಪ ಎರಡು ಗಂಟೆ ನಿದ್ದೆ ಮಾಡಿದ.

ಅವತ್ತು ಶುಕ್ರವಾರ. ಮನೆಗೆ ಬಂದ ಕಬ್ಬಿಣದ ಸಾಮಾನನ್ನು ಅಮ್ಮ ಹಾಗೇ ಬಿಡುವವಳಲ್ಲ. ಆಯುಧಪೂಜೆಯಲ್ಲಿ ಬಸ್ಸಿಗೆ ಮಾಡುವಂತೆ ಬ್ಯಾಟರಿಯನ್ನು ಒರೆಸಿ, ನೆತ್ತಿಯ ಮೇಲೆ ಮೂರು ಪಟ್ಟೆ ವಿಭೂತಿ ಬಳಿದು, ತನ್ನ ಕೈಗೆ ಹತ್ತಿರವಿದ್ದ ಟರ್ಮಿನಲ್ಲಿಗೆ ದಪ್ಪಗೆ ಕುಂಕುಮ ಇಟ್ಟಳು. ಹೊಗೆ ಹಿಡಿದು ಮಾಸಿದರೆ ಮುಂದಿನ ಶುಕ್ರವಾರ ಮತ್ತೆ ಇಡುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಲಕ್ಷಣವಾಗಿ ಕಾಣುತ್ತಿದ್ದ ಮುಖ ಇನ್ನೊಂದಿರಲಿಲ್ಲ.

ಎರಡು ದಿನಕ್ಕೊಮ್ಮೆ ಬ್ಯಾಟರಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿ ಖಲೀಲ್ ಸಾಬರ ಅಂಗಡಿಗೆ ಚಾರ್ಜಿಗೆ ಒಯ್ಯುತ್ತಿದ್ದೆ. ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿಗಳನ್ನು ಸಾಲಾಗಿ ಕೂರಿಸಿ ಚಾರ್ಜ್ ಮಾಡುವ ಮುದುಕ ಅವರು. ಅಪ್ಪನಿಗೆ ಹಳೆಯ ಪರಿಚಯ. ನನ್ನ ಸಂಗ್ರಹದಲ್ಲಿ ಅವರ ದನಿಯೂ ಇತ್ತು. ನಿಜ ಹೇಳಬೇಕೆಂದರೆ ನಾನು ಅನುಕರಿಸುವ ಖಲೀಲ್ ಸಾಬರು ಆಡುವಷ್ಟು ಕೆಟ್ಟ ಕನ್ನಡವನ್ನು ನಿಜವಾದ ಖಲೀಲ್ ಸಾಬರು ಎಂದೂ ಆಡಿದವರಲ್ಲ. ಒಂದು ದಿನ ಅವರ ಅಂಗಡಿಯ ಮುಂದೆಯೇ ಟ್ರ್ಯಾಕ್ಟರಿನವರನ್ನು ನಗಿಸಲು ಅವರಂತೆ ಮಾತಾಡುತ್ತಿದ್ದಾಗ ಅವರು ಒಳಗಿಂದ ಬಂದು ನಿಂತರು. ಬೈಯಲಿಲ್ಲ. “ಚೆನ್ನಾಗಿ ಮಾಡ್ತೀಯ ಮಿಯಾ. ನನ್ ಮಾತು ನೀನು ಆಡೋಕೆ ಆಗುತ್ತೆ ಅಂದ್ರೆ ನನ್ ಕೆಲ್ಸಾನೂ ನೀನೇ ಮಾಡ್ಕೋಬೋದು” ಎಂದು ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲೇ ಬಿಚ್ಚಿ ಕ್ಯಾರಿಯರ್ ಮೇಲಿಟ್ಟರು.

ಕ್ಷಮೆ ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನೊಳಗಿನ ಅರ್ಧ ಎಂಜಿನಿಯರ್ ಎದ್ದು ಕೂತ. ಮನೆಗೆ ಬಂದು ಅಮ್ಮನಿಗೆ, “ಅವ್ರ ಮಷೀನು ಹಳೇ ಕಾಲದ್ದಮ್ಮ. ನಾನು ಸಾಲಿಡ್ ಸ್ಟೇಟ್ ಚಾರ್ಜರ್ ಮಾಡ್ತೀನಿ. ಬಲ್ಬು ಇಲ್ಲ, ಸದ್ದು ಇಲ್ಲ, ಕರೆಂಟ್ ಇದ್ದಷ್ಟು ಹೊತ್ತು ಮನೇಲೇ ಚಾರ್ಜು” ಎಂದೆ. ಅಮ್ಮ, “ಅದೇನ್ ಮಾಡ್ತೀಯೋ ಬೇಗ ಮಾಡಪ್ಪ, ಬೀಸಣಿಗೆ ಬೀಸಿ ಬೀಸಿ ನನ್ ರೆಟ್ಟೆ ಬಿದ್ದೋಗದೆ” ಎಂದಳು.

ಒಂದು ಇಂಗ್ಲಿಷ್ ಪತ್ರಿಕೆಯಿಂದ ಸರ್ಕ್ಯೂಟಿನ ಚಿತ್ರ ಹರಿದಿಟ್ಟುಕೊಂಡಿದ್ದೆ. ಚಿತ್ರ ಅರ್ಥವಾಗುತ್ತಿತ್ತು, ಕೆಳಗೆ ಬರೆದಿದ್ದ ಎಚ್ಚರಿಕೆಗಳು ಇಂಗ್ಲಿಷಿನಲ್ಲಿದ್ದವು. ಕರೆಂಟನ್ನು ಇಳಿಸಲು ಒಂದು ಟ್ರಾನ್ಸ್‌ಫಾರ್ಮರ್, ಅದನ್ನು ಒಂದೇ ದಿಕ್ಕಿಗೆ ಹರಿಸಲು ನಾಲ್ಕು ಡಯೋಡು, ಒಂದು ಫ್ಯೂಸು, ಮುಳ್ಳು ಆಡುವ ಒಂದು ಆಮೀಟರು, ಕೊನೆಯಲ್ಲಿ ಬ್ಯಾಟರಿಗೆ ಕಚ್ಚಿಸಲು ಕೆಂಪು, ಕಪ್ಪು ಎರಡು ಕ್ಲಿಪ್ಪು. ಟ್ರಾನ್ಸ್‌ಫಾರ್ಮರನ್ನು ಕೋಲಾರದಲ್ಲಿ ಮೋಟಾರ್ ವೈಂಡಿಂಗ್ ಮಾಡುವವನೊಬ್ಬ ಸುತ್ತಿಕೊಟ್ಟ. ಡಯೋಡುಗಳನ್ನು ಅಪ್ಪನ ಕಂಡಕ್ಟರ್ ಬೆಂಗಳೂರಿನಿಂದ ತಂದ. ಡಯೋಡು ಬಿಸಿಯಾಗದಂತೆ ಅಲ್ಯೂಮಿನಿಯಂ ತಗಡಿನ ಮೇಲೆ ಕೂರಿಸಬೇಕಿತ್ತು. ಅನ್ನದ ಪಾತ್ರೆಯ ಮುಚ್ಚಳ ಒಂದು ಮಧ್ಯಾಹ್ನ ಕಾಣೆಯಾಯಿತು. ಅಪ್ಪನ ಮಂಚದ ಎದುರಿಗೇ ಚಾಪೆ ಹಾಸಿ ಬೆಸುಗೆ ಹಾಕುತ್ತಿದ್ದೆ. ಅಪ್ಪ ಕಣ್ಣು ಕೀಳದೆ ನೋಡುತ್ತಿದ್ದ. “ನನ್ ಮಗ ಬಸ್ಸಲ್ಲ ಕಣ್ಲಾ, ವಿಮಾನಾನೇ ರಿಪೇರಿ ಮಾಡ್ತಾನೆ!” ಎಂದು ಅಪ್ಪನ ದನಿಯಲ್ಲಿ ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ.

ಚಾರ್ಜರ್ ಸಿದ್ಧವಾದ ದಿನ ಕರೆಂಟು ಇದ್ದಾಗ ಬ್ಯಾಟರಿಯ ಮುಂದೆ ಕೂತೆ. ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಅಚ್ಚೊತ್ತಿದ ಗುರುತುಗಳು ವಿಭೂತಿಯಡಿ ಮುಚ್ಚಿಹೋಗಿದ್ದವು. ಆದರೆ ನನಗೆ ಗುರುತು ಹುಡುಕುವ ಅಗತ್ಯವೇ ಕಾಣಲಿಲ್ಲ. ಐಟಿಐಯಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು: ಕೆಂಪು ಅಂದರೆ ಪ್ಲಸ್. ಬ್ಯಾಟರಿಯ ಮೇಲೆ ಒಂದು ಟರ್ಮಿನಲ್ ಕೆಂಪಗೆ ಕಾಣುತ್ತಿತ್ತು. ಕೆಂಪು ಕ್ಲಿಪ್ಪನ್ನು ಕುಂಕುಮಕ್ಕೆ ಕಚ್ಚಿಸಿದೆ.

‘ಚಟ್’ ಎಂದು ಕಿಡಿ ಹಾರಿ ಫ್ಯೂಸು ಹೋಯಿತು. ಹೊಸದು ಹಾಕಿದೆ, ಅದೂ ಹೋಯಿತು. ಪದೇಪದೇ ಹೋಗುವ ಫ್ಯೂಸನ್ನು ಏನು ಮಾಡಬೇಕೆಂದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು: ದಪ್ಪ ತಾಮ್ರದ ತಂತಿ ಸುತ್ತಿದೆ. ಆಮೇಲೆ ಫ್ಯೂಸು ಹೋಗಲಿಲ್ಲ, ಡಯೋಡುಗಳೇ ಹೋದವು. ಮುಚ್ಚಳದ ಮೇಲಿಂದ ಹೊಗೆ ಎದ್ದು ಮನೆಯೆಲ್ಲ ಕೂದಲು ಸುಟ್ಟ ವಾಸನೆ. ಅಪ್ಪ “ದಾ! ದಾ! ದಾ!” ಎನ್ನುತ್ತ ಎಡಗೈಯನ್ನು ಮೇಲೆತ್ತಿ ಅಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿದ. ಅಮ್ಮ ಒಳಗಿಂದ ಓಡಿ ಬಂದಳು. “ಏನಂತೆ ನಿಮ್ಮಪ್ಪಂಗೆ?” ಯಾರ ಮಾತನ್ನಾದರೂ ಆಡಬಲ್ಲ ನಾನು ಕ್ಷಣವೂ ಯೋಚಿಸಲಿಲ್ಲ. “ಮಗ್ಗುಲು ತಿರುಗಿಸ್ಬೇಕಂತೆ” ಎಂದೆ. ಇಬ್ಬರೂ ಸೇರಿ ಅಪ್ಪನನ್ನು ಗೋಡೆಯ ಕಡೆಗೆ ತಿರುಗಿಸಿದೆವು. ಕೆಳಗಾದದ್ದು ಹುಣ್ಣಿದ್ದ ಮಗ್ಗುಲು.

ಎರಡನೆಯ ಸಲ ನಾಲ್ಕು ಹೊಸ ಡಯೋಡು ಬಂದವು. ಮೊದಲಿನವು ಕಳಪೆ ಎಂದು ಬೆಂಗಳೂರಿನ ಅಂಗಡಿಯವನನ್ನು ಬೈದು ಮುಗಿಸಿದ್ದೆ. ಕಚ್ಚಿಸಿದೆ, ಹೊಗೆ. ಅಪ್ಪನ ಕೈ ಮೇಲೆದ್ದು ತಿರುಗಿತು, ನಾವು ತಿರುಗಿಸಿದೆವು. ಮೂರನೆಯ ಸಲ ಟ್ರಾನ್ಸ್‌ಫಾರ್ಮರ್ ಸುತ್ತಿದವನು ಮೋಸ ಮಾಡಿದನೆಂದು ಕೋಲಾರಕ್ಕೆ ಹೋಗಿ ಜಗಳವಾಡಿ ಮತ್ತೆ ಸುತ್ತಿಸಿಕೊಂಡು ಬಂದೆ. ಹೊಗೆ. ಕೈ. ಗೋಡೆ. “ಈಗ ತಾನೆ ತಿರುಗಿಸಿದ್ವಲ್ಲೋ, ಇಷ್ಟ್ ಬೇಗ ಮತ್ತೆ ಯಾಕೆ?” ಎಂದು ಅಮ್ಮ ಕೇಳಿದಾಗ ನಾನು ಅಪ್ಪನ ದನಿಯಲ್ಲಿ, “ಡ್ರೈವರ್ ಕಣಮ್ಮೀ, ಒಂದೇ ಕಡೆ ಎಷ್ಟೊತ್ತು ನೋಡ್ಲಿ?” ಎಂದು ನಗಿಸಿದೆ. ಅಷ್ಟರಲ್ಲಿ ಬ್ಯಾಟರಿ ಸೋತು ಫ್ಯಾನು ನೊಣ ಓಡಿಸುವಷ್ಟೂ ತಿರುಗುತ್ತಿರಲಿಲ್ಲ. ಹುಣ್ಣು ಅಂಗೈ ಅಗಲವಾಗಿತ್ತು.

ನಾಲ್ಕನೆಯ ಸಲ ನನಗೆ ಜ್ಞಾನೋದಯವಾಯಿತು. ನಡುವೆ ಒಂದು ಹೆಡ್‌ಲೈಟ್ ಬಲ್ಬು ಸೇರಿಸಿದರೆ ಅದು ಕರೆಂಟನ್ನು ತಡೆದು ಡಯೋಡುಗಳನ್ನು ಉಳಿಸುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಯಿತು. ಸೇರಿಸಿದೆ. ಹೊಗೆ ಇಲ್ಲ! ಬಲ್ಬು ಉರಿಯಿತು, ಆಮೀಟರಿನ ಮುಳ್ಳು ಎದ್ದು ನಿಂತಿತು. ಅಪ್ಪನನ್ನು ನೋಡಿದೆ. ಅಪ್ಪ ಈ ಸಲ ಕೈ ಎತ್ತಲಿಲ್ಲ. ಎತ್ತಿದರೆ ಏನಾಗುತ್ತದೆಂದು ಅವನಿಗೆ ಗೊತ್ತಾಗಿತ್ತು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಕರೆಂಟು ಬಂದಾಗಲೆಲ್ಲ ಹೀಗೆ ಮೂರು ದಿನ ಚಾರ್ಜು ಮಾಡಿ, ನಾಲ್ಕನೆಯ ದಿನ ಅಮ್ಮನನ್ನೂ ಪಕ್ಕದ ಮನೆಯವರನ್ನೂ ಕರೆದು ಫ್ಯಾನಿನ ಸ್ವಿಚ್ಚು ಒತ್ತಿದೆ. ಫ್ಯಾನು ಗಿರ್ರೆಂದು ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಅಪ್ಪನ ಹಣೆಯ ಬೆವರು ಹಾಗೇ ಇತ್ತು, ಹೊದಿಕೆಯ ಅಂಚು ಅಲುಗಲಿಲ್ಲ. ಫ್ಯಾನಿನ ಹಿಂದಿನ ಗೋಡೆಯ ಮೇಲಿದ್ದ ಕ್ಯಾಲೆಂಡರ್ ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು. ಫ್ಯಾನು ಉಲ್ಟಾ ತಿರುಗುತ್ತಿತ್ತು. ಮುಖ ಅಪ್ಪನ ಕಡೆ, ಗಾಳಿ ಗೋಡೆಯ ಕಡೆ. ಅಷ್ಟು ಕಷ್ಟಪಟ್ಟು ನಾನು ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮೀದೇವಿಗೆ ಸೆಕೆಯಾಗದಂತೆ ನೋಡಿಕೊಂಡಿದ್ದೆ. ನಾನು ಏನಾದರೂ ತಮಾಷೆ ಮಾಡುತ್ತೇನೆಂದು ಎಲ್ಲರೂ ಕಾದರು. ನನಗೆ ಯಾರ ದನಿಯೂ ಬರಲಿಲ್ಲ.

ಅಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಸ್ವಲ್ಪ ಹೊತ್ತಿಗೆ ಖಲೀಲ್ ಸಾಬರೊಂದಿಗೆ ಬಂದಳು. ಅವರು ನನ್ನನ್ನು ನೋಡಲಿಲ್ಲ. ಬ್ಯಾಟರಿಯನ್ನೂ ಮೊದಲು ನೋಡಲಿಲ್ಲ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಅಪ್ಪನ ಎಡಗೈ ಹಿಡಿದರು.

“ಡ್ರೈವರ್ ಸಾಬ್, ಇಲ್ಲಿ ಏನಾಯ್ತೋ ನೀವು ನೋಡಿದ್ದೀರಿ. ನಾನು ಕೇಳ್ತೀನಿ. ಹೌದು ಅಂದ್ರೆ ಕಣ್ಣು ಮುಚ್ಚಿ ತೆಗೀರಿ. ಡಯೋಡು ಕೆಟ್ಟದ್ದಾ?”

ಅಪ್ಪನ ಕಣ್ಣು ತೆರೆದೇ ಇತ್ತು.

“ಟ್ರಾನ್ಸ್‌ಫಾರ್ಮರ್?”

ತೆರೆದೇ ಇತ್ತು.

“ಕ್ಲಿಪ್ಪು ಉಲ್ಟಾ ಕೊಟ್ಟವ್ನಾ?”

ಅಪ್ಪ ಕಣ್ಣು ಮುಚ್ಚಿ ತೆಗೆದ. ಮತ್ತೆ ಮುಚ್ಚಿ ತೆಗೆದ. ಎಡಗಣ್ಣಿನ ಅಂಚಿನಿಂದ ನೀರಿಳಿಯಿತು. ಕೈ ಮೇಲೆದ್ದು ಅಂಗೈ ಆ ಕಡೆ ಈ ಕಡೆ ತಿರುಗಿತು. ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ಪಕ್ಕದ ಮನೆಯವರಿಗೂ ಅರ್ಥವಾಯಿತು.

ಖಲೀಲ್ ಸಾಬರು ಬ್ಯಾಟರಿಯ ನೆತ್ತಿಯನ್ನು ಬೆರಳಿನಿಂದ ಒರೆಸಿದರು. ವಿಭೂತಿಯ ಕೆಳಗೆ, ಕುಂಕುಮದ ಪಕ್ಕ, ಮೈನಸ್ ಗುರುತು ಕಂಡಿತು. ಬ್ಯಾಟರಿಯಲ್ಲಿ ಜೀವವಿದ್ದಷ್ಟು ದಿನ ಅದು ಉಲ್ಟಾ ಚಾರ್ಜಿಗೆ ಒಪ್ಪದೆ ನನ್ನ ಡಯೋಡುಗಳನ್ನು ಸುಟ್ಟು ಬುದ್ಧಿ ಹೇಳಿತ್ತು. ಬಲ್ಬಿನ ಮರೆಯಲ್ಲಿ ನಾನು ಅದನ್ನು ಪೂರ್ತಿ ಖಾಲಿ ಮಾಡಿ, ಆಮೇಲೆ ತಲೆಕೆಳಗಾಗಿ ತುಂಬಿಸಿದ್ದೆ. ಪ್ಲಸ್ಸು ಮೈನಸ್ಸಾಗಿತ್ತು, ಫ್ಯಾನು ಹಿಂದಕ್ಕೆ ತಿರುಗಿತ್ತು.

“ಅಯ್ಯೋ ನನ್ ಕೈ ಸೇದೋಗ” ಎಂದು ಅಮ್ಮ ಹಣೆ ಚಚ್ಚಿಕೊಂಡಳು. “ನಾನೇ ಇಟ್ಟಿದ್ದು ಸಾಬ್ರೇ, ಒಳ್ಳೇದಾಗ್ಲಿ ಅಂತ ಇಟ್ಟೆ.”

“ನೀವು ದೇವ್ರಿಗೆ ಇಟ್ಟಿದ್ದು ತಾಯಿ” ಎಂದರು ಸಾಬರು. “ಅದನ್ನ ಓದಿದ್ದು ಐಟಿಐನವ್ರು.” ನಾನು ಅವರ ದನಿಯನ್ನು ಎಷ್ಟೋ ಸಲ ತೆಗೆದಿದ್ದೆ. ಅಷ್ಟು ಮೆತ್ತಗಿನದು ಅವರಲ್ಲಿ ಇದೆ ಎಂದು ಗೊತ್ತಿರಲಿಲ್ಲ.

ಅವರೇ ಬ್ಯಾಟರಿ ಒಯ್ದು, ನಾನು ತುಂಬಿದ್ದನ್ನೆಲ್ಲ ಇಳಿಸಿ, ಸರಿ ದಿಕ್ಕಿನಲ್ಲಿ ನಿಧಾನವಾಗಿ ತುಂಬಿಸಿ, ಮೂರನೆಯ ದಿನ ತಂದುಕೊಟ್ಟರು. ಅರ್ಧ ಆಯಸ್ಸು ಹೋಗಿದೆ, ಉಳಿದರ್ಧ ಓಡುತ್ತೆ ಎಂದರು. ಬ್ಯಾಟರಿಯ ವಿಷಯ ಹೇಳಿದ್ದು. ಗಾಳಿ ಅಪ್ಪನ ಕಡೆ ಬಂತು. ಹುಣ್ಣು ಕೊನೆಯವರೆಗೂ ಪೂರ್ತಿ ಮಾಯಲಿಲ್ಲ. ಆ ‘ಕೊನೆ’ ಬಹಳ ದೂರವೂ ಇರಲಿಲ್ಲ, ಮಾವಿನ ಸುಗ್ಗಿ ಮುಗಿಯುವಷ್ಟರಲ್ಲಿ ಬಂತು. ಡಾಕ್ಟರು ಹುಣ್ಣಿನಿಂದಲೇ ಎಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನಾನು ಕೇಳಲಿಲ್ಲ.

ಒಂದು ಪ್ರಶ್ನೆ ಮಾತ್ರ ಅಪ್ಪನನ್ನೇ ಕೇಳಿದ್ದೆ. ಸಾಬರು ಬ್ಯಾಟರಿ ತಂದುಕೊಟ್ಟ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಮಂಚದ ಪಕ್ಕ ಕೂತು, ನನ್ನದೇ ದನಿಯಲ್ಲಿ ಕೇಳಿದೆ. ಆ ದನಿಯಲ್ಲಿ ಮಾತಾಡಿ ಅಭ್ಯಾಸ ತಪ್ಪಿತ್ತು, ಸ್ವಲ್ಪ ತೊದಲಿದೆ. “ಅಪ್ಪಾ, ನಿನ್ ಥರ ನಾನು ಮಾತಾಡೋದು ನಿಲ್ಲಿಸ್ಬೇಕಾ?”

ಅಪ್ಪ ನನ್ನನ್ನೇ ನೋಡಿದ. ಫ್ಯಾನಿನ ಗಾಳಿಗೆ ಅವನ ನೆರೆಗೂದಲು ಹಾರುತ್ತಿತ್ತು. ಆಮೇಲೆ ಕಣ್ಣು ಮುಚ್ಚಿದ. ಮುಚ್ಚಿದವನು ಬಹಳ ಹೊತ್ತು ತೆಗೆಯಲಿಲ್ಲ. ಗೊರಕೆಯೂ ಸಣ್ಣಗೆ ಶುರುವಾಯಿತು. ಮುಚ್ಚಿ ತೆಗೆದರೆ ಹೌದು ಎಂದು ಸಾಬರು ಹೇಳಿದ್ದರು. ಮುಚ್ಚಿ ತೆಗೆಯದಿದ್ದರೆ ಏನೆಂದು ಹೇಳಿರಲಿಲ್ಲ. ಅಪ್ಪನಿಗೆ ನಿದ್ದೆ ಬಂತು ಎಂದೇ ನಾನು ಇವತ್ತಿಗೂ ವಾದಿಸುತ್ತೇನೆ. ಅಪ್ಪ ಸತ್ತ ಹನ್ನೊಂದನೆಯ ದಿನ ಮನೆಗೆ ಬಂದ ನೆಂಟರು ಊಟವಾದ ಮೇಲೆ, “ಒಂದ್ಸಲ ನಿಮ್ಮಪ್ಪನ ಥರ ಮಾತಾಡೋ” ಎಂದಾಗ ಮಾತಾಡಿದೆ. ಎಲ್ಲರೂ ಅತ್ತರು, ಚೆನ್ನಾಗಿತ್ತು ಎಂದರು. ಅಪ್ಪನೇ ಹೇಳಿದ ಹಾಗಿತ್ತು ಎಂದರು.