ಶಿವಮಲ್ಲಪ್ಪನ ಕಣ್ಣಳತೆ

ಎಲ್ಲಕ್ಕೂ ಕಾರಣ ಒಂದು ನೊಣ. ಅದೂ ಇಲ್ಲದ ನೊಣ.

ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜು ನಡೆದಿತ್ತು. ಹರಾಜು ಕೂಗುವ ಪುಟ್ಟರಾಜು ಬೀಟ್‌ರೂಟಿನ ಒಂದು ಗುಡ್ಡೆಯ ಮುಂದೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ. ಆ ಗುಡ್ಡೆಯನ್ನು ದನವೂ ಮೂಸುವಂತಿರಲಿಲ್ಲ. ನಾಲ್ಕು ದಿನದ ಮಾಲು, ಸುಕ್ಕು ಬಿದ್ದು ಅಲ್ಲಲ್ಲಿ ಮೆತ್ತಗಾಗಿತ್ತು. ವ್ಯಾಪಾರಿಗಳೆಲ್ಲ ಆಕಾಶ ನೋಡುತ್ತ, ಜೇಬಿನಲ್ಲಿ ಬೀಡಿ ಹುಡುಕುತ್ತ ನಿಂತಿದ್ದರು. ಅಷ್ಟರಲ್ಲಿ ಶಿವಮಲ್ಲಪ್ಪನ ಬಲಗಣ್ಣಿನ ಮುಂದೆ ಒಂದು ಕಪ್ಪು ನೊಣ ಸುಳಿಯಿತು. ಅವನು ಕೈಯೆತ್ತಿ ಓಡಿಸಿದ. ಅದು ಎಡಕ್ಕೆ ಹೋಯಿತು. ಎಡಗೈ ಎತ್ತಿ ಓಡಿಸಿದ. ಅದು ಮೇಲಕ್ಕೆ ಹೋಯಿತು. ಎರಡೂ ಕೈ ಎತ್ತಿದ.

"ಶಿವಮಲ್ಲಣ್ಣಂಗೆ ಒಂದ್ಸಲ! ಎರಡ್ಸಲ! ಮೂರ್ಸಲ!" ಎಂದು ಪುಟ್ಟರಾಜು ಉಸಿರು ಬಿಡದೆ ಕೂಗಿ, ಗುಡ್ಡೆ ಬಿಟ್ಟು ಪಕ್ಕದ ಎಲೆಕೋಸಿಗೆ ಹಾರಿಬಿಟ್ಟ.

ಬೇರೆ ಯಾರಾದರೂ ಆಗಿದ್ದರೆ "ಲೇ, ನಾನು ನೊಣ ಓಡುಸ್ತಿದ್ದೆ ಕಣ್ಲಾ" ಎಂದು ಬೈದು ಮಾತು ಮುಗಿಸುತ್ತಿದ್ದರು. ಶಿವಮಲ್ಲಪ್ಪನಿಗೆ ಆ ದಾರಿ ಇರಲಿಲ್ಲ. ಯಾಕೆಂದರೆ ಅಲ್ಲಿ ನೊಣ ಇರಲಿಲ್ಲ, ಮತ್ತು ಇರಲಿಲ್ಲ ಎನ್ನುವುದು ಅವನಿಗೆ ಮೂರು ದಿನದಿಂದ ಗೊತ್ತಿತ್ತು. ಮನೆಯಲ್ಲಿ ಬಾಗಿಲು ಹಾಕಿ, ದೀಪ ಹಚ್ಚಿ, ಸೊಳ್ಳೆ ಪರದೆಯೊಳಗೆ ಕೂತರೂ ಅದು ಅಲ್ಲೇ ಹಾರಾಡುತ್ತಿತ್ತು. ನೊಣ ಇದ್ದದ್ದು ಕಣ್ಣಿನ ಒಳಗೆ.

ಈ ಕಣ್ಣಿನ ಬಗ್ಗೆ ಎರಡು ಮಾತು ಹೇಳಬೇಕು. ಶಿವಮಲ್ಲಪ್ಪ ವಯನಾಡಿನ ವ್ಯಾಪಾರಿಗಳ ಪರವಾಗಿ ಇಲ್ಲಿ ತರಕಾರಿ ಕೊಳ್ಳುವವನು. ಮೂಟೆ ಇಳಿಯುತ್ತಿದ್ದಂತೆ ಒಮ್ಮೆ ನೋಡಿ "ಅರವತ್ತೊಂದು ಕೇಜಿ" ಎಂದರೆ ಅರವತ್ತೊಂದೇ. ತಕ್ಕಡಿ ಬೇಕಾದರೆ ಸುಳ್ಳು ಹೇಳೀತು, ಶಿವಮಲ್ಲಪ್ಪನ ಕಣ್ಣು ಹೇಳದು ಎಂದು ರೈತರೂ ಒಪ್ಪಿದ್ದರು. ಲಾರಿ ಡ್ರೈವರುಗಳು ಕೂಡ ಅವನನ್ನು 'ಕಣ್ಣಳತೆ ಶಿವಮಲ್ಲಪ್ಪ' ಎಂದೇ ಕರೆಯುತ್ತಿದ್ದರು. ಅವನ ಅನ್ನ, ಮಾನ, ಹೆಸರು ಮೂರೂ ಇದ್ದದ್ದು ಆ ಎರಡು ಕಣ್ಣಿನಲ್ಲಿ.

ಮತ್ತು ಮೈಯಲ್ಲಿ ಸಕ್ಕರೆ ಇತ್ತು. ಅವನು ಸಕ್ಕರೆ ಬಿಟ್ಟು ಒಂಬತ್ತು ವರ್ಷವಾಗಿತ್ತು, ಸಕ್ಕರೆ ಅವನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಇಂಜೆಕ್ಷನ್, ರಾತ್ರಿ ಇಂಜೆಕ್ಷನ್, ನಡುವೆ ಮೂರು ಮಾತ್ರೆ. ಹೆಂಡತಿ ಶಾಂತಮಲ್ಲಮ್ಮ ಬೆಲ್ಲದ ಡಬ್ಬಿಗೆ ಬೀಗ ಹಾಕಿ, ಕೀಯನ್ನು ತಾಳಿಗೆ ಕಟ್ಟಿಕೊಂಡಿದ್ದಳು. ಆದರೂ ಒಂದು ದಿನ ನೂರ ಇಪ್ಪತ್ತು ಇದ್ದದ್ದು ಮಾರನೆಯ ದಿನ ಮುನ್ನೂರಾಗುತ್ತಿತ್ತು. "ಎಲ್ಲೋ ಕದ್ದು ತಿಂತಾ ಇದ್ದೀರ" ಎಂದು ಅವಳು ಜೇಬು ಮೂಸಿ ನೋಡುತ್ತಿದ್ದಳು. ಪಾಪ, ಅವನು ಕದ್ದು ತಿನ್ನುತ್ತಿರಲಿಲ್ಲ. ತಿಂದಿದ್ದರೆ ಬೈಗುಳಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿತ್ತು.

"ಸಾವ್ಕಾರ್ರೆ, ಇದ್ಯಾಕೆ ತಕ್ಕಂಡ್ರಿ ಈ ಕಸವ?" ಎಂದು ಅವನ ಹಮಾಲಿ ಮುದ್ದಯ್ಯ ಕಿವಿಯಲ್ಲಿ ಕೇಳಿದ. ಹತ್ತು ವರ್ಷದಿಂದ ಶಿವಮಲ್ಲಪ್ಪನ ಮೂಟೆಗಳನ್ನೆಲ್ಲ ಹೊರುತ್ತಿದ್ದವನು ಅವನೇ.

"ನಂಗೇ ಬೇಕಿತ್ತು, ಸುಮ್ನಿರ್ಲಾ" ಎಂದ ಶಿವಮಲ್ಲಪ್ಪ.

ಈ ಮಾತು ಪಕ್ಕದಲ್ಲಿದ್ದ ಹಿರಿಯ ವ್ಯಾಪಾರಿ ವೃಷಭೇಂದ್ರಪ್ಪನ ಕಿವಿಗೆ ಬಿತ್ತು. ವೃಷಭೇಂದ್ರಪ್ಪ ಶಿವಮಲ್ಲಪ್ಪನ ಪಕ್ಕದ ಮನೆಯವನು. ಪಕ್ಕದ ಮನೆಯ ಒಲೆಯ ಮೇಲೆ ಏನಿದೆ ಎಂದು ತಿಳಿಯದೆ ತನ್ನ ಮನೆಯ ಊಟ ಸೇರದ ಮನುಷ್ಯ. ಅವನು ಸುಕ್ಕಿದ ಗುಡ್ಡೆ ನೋಡಿದ, ಶಿವಮಲ್ಲಪ್ಪನ ಮುಖ ನೋಡಿದ, ಮೂರು ಸಲ ಮೇಲೆದ್ದ ಕೈಗಳನ್ನು ನೆನೆಸಿಕೊಂಡ. 'ಇದ್ರಲ್ಲಿ ಏನೋ ಅದೆ' ಎಂದು ತೀರ್ಮಾನಿಸಿದ.

ಶಿವಮಲ್ಲಪ್ಪ ಅಲ್ಲಿ ನಿಲ್ಲಲಿಲ್ಲ. ಯಾರಿಗೂ ಹೇಳದೆ ಚಾಮರಾಜನಗರದ ಕಣ್ಣಾಸ್ಪತ್ರೆಗೆ ಹೋಗಿ ಬರಬೇಕು ಎಂದು ಹಿಂದಿನ ದಿನವೇ ನಿಶ್ಚಯಿಸಿದ್ದ. ಗುಂಡ್ಲುಪೇಟೆಯಲ್ಲೇ ತೋರಿಸಿದರೆ ಡಾಕ್ಟರಿಗಿಂತ ಮುಂಚೆ ಮಾರುಕಟ್ಟೆಗೆ ರಿಪೋರ್ಟು ಗೊತ್ತಾಗುತ್ತದೆ. ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಸದ್ಯ ಬದುಕಿದೆ ಎಂದು ಉಸಿರು ಬಿಟ್ಟ. ಪಕ್ಕದ ಸೀಟಿಗೆ ಧಪ್ಪನೆ ಬಂದು ಕೂತವಳು ವೃಷಭೇಂದ್ರಪ್ಪನ ಹೆಂಡತಿ ಚಿಕ್ಕಬಸಮ್ಮ.

"ಇದೇನ್ ಶಿವಮಲ್ಲಣ್ಣ, ಹರಾಜ್ ಹೊತ್ನಲ್ಲಿ ಬಸ್ಸತ್ತಿದ್ದೀರಿ? ನಾನು ಮಗಳ ಮನೆಗೆ ಓಯ್ತಾ ಇವ್ನಿ. ನೀವೆಲ್ಲಿಗೆ?"

"ಡಿಸಿ ಆಫೀಸ್ಗೆ ಕಣಮ್ಮ" ಎಂದುಬಿಟ್ಟ. ಬಾಯಿಗೆ ಬಂದದ್ದು ಅದೇ.

"ಡಿಸಿ ಆಫೀಸ್ಗಾ? ಏನ್ ಕೆಲ್ಸ?"

"ಅದೇ... ಒಂದು ಆರ್ಡರ್ ವಿಚಾರ." ಜಮೀನಿನ ಯಾವುದೋ ಆರ್ಡರು ಎನ್ನುವ ಅರ್ಥದಲ್ಲಿ ಹೇಳಿದ್ದ. ಚಿಕ್ಕಬಸಮ್ಮ ಅರ್ಥ ಕೇಳುವವಳಲ್ಲ, ಕೊಡುವವಳು.

ಆಕೆ ತೆರಕಣಾಂಬಿ ದಾಟುವವರೆಗೆ ಹಾಗಲಕಾಯಿ, ನೇರಳೆ ಬೀಜ, ಮೆಂತ್ಯದ ನೀರು ಇವುಗಳ ಮಹಿಮೆ ಹೇಳಿದಳು. ಆಮೇಲೆ ಮೊಬೈಲು ತೆಗೆದು, ಬಸ್ಸಿನ ಹಿಂದಿನ ಸೀಟಿನವರೂ ಅಯ್ಯೋ ಎನ್ನುವಷ್ಟು ಜೋರಾಗಿ ಗಂಡನೊಂದಿಗೆ ಮಾತಾಡಿದಳು. "ಹೂಂ ಕಣ್ರೀ, ಪಕ್ಕದಲ್ಲೇ ಕೂತವ್ರೆ. ಡಿಸಿ ಆಫೀಸ್ಗಂತೆ. ಎಂತದೋ ಆರ್ಡರ್ ವಿಚಾರವಂತೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಕಡ್ಡಿಯನ್ನು ಗುಡ್ಡ ಮಾಡುವುದಕ್ಕೆ ಬೇಕಾದ ಹೊತ್ತು ಅದು.

ಆಸ್ಪತ್ರೆಯಲ್ಲಿ ನರ್ಸು ಕಣ್ಣಿಗೆ ಮೂರು ಸಲ ಹನಿ ಬಿಟ್ಟಳು. "ಪಾಪೆ ಅಗಲ ಆಗ್ಬೇಕು, ಸಾಯಂಕಾಲದ ತನಕ ಮಂಜು ಮಂಜು ಇರುತ್ತೆ, ಹೆದರ್ಬೇಡಿ" ಎಂದಳು. ಒಂದು ಗಂಟೆಯಲ್ಲಿ ಶಿವಮಲ್ಲಪ್ಪನಿಗೆ ತನ್ನ ಅಂಗೈ ಯಾರದೋ ಅಂಗೈಯಂತೆ ಕಾಣತೊಡಗಿತು. ಡಾಕ್ಟರಮ್ಮ ಹಣೆಗೆ ದೀಪ ಕಟ್ಟಿಕೊಂಡು ಎರಡೂ ಕಣ್ಣನ್ನು ಬಹಳ ಹೊತ್ತು ನೋಡಿದರು.

"ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಜಿನುಗಿದೆ. ನಿಮಗೆ ಕಾಣಿಸ್ತಿರೋ ಕಪ್ಪು ಚುಕ್ಕೆ ಅದೇ. ಶುಗರ್ ಹೀಗೆ ಏರಿಳಿತ ಆಗ್ತಾ ಇದ್ರೆ ಇದು ನಿಲ್ಲೋದಿಲ್ಲ. ಲೇಸರ್ ಮಾಡಿಸ್ಕೊಳ್ಳಿ, ಮಂಗಳವಾರ ಬನ್ನಿ. ತಪ್ಪಿಸ್ಬೇಡಿ."

"ಕಣ್ಣು ಹೋಗ್ಬುಡ್ತದಾ ತಾಯಿ?"

"ಈಗ ಬಂದಿದ್ದೀರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಆದ್ರೆ ಒಂದು ವಿಷಯ ಅರ್ಥ ಆಗ್ತಿಲ್ಲ. ನಿಮ್ಮ ದೃಷ್ಟಿ ಇಳಿದು ಆರೇಳು ತಿಂಗಳಾದ್ರೂ ಆಗಿರ್ಬೇಕು. ಕೆಲಸದಲ್ಲಿ ಗೊತ್ತಾಗ್ಲಿಲ್ವಾ?"

"ಇಲ್ಲ ತಾಯಿ. ನಿನ್ನೆನೂ ಮೂಟೆ ನೋಡಿ ತೂಕ ಹೇಳಿವ್ನಿ. ಒಂದು ಕೇಜಿ ಹೆಚ್ಚುಕಮ್ಮಿ ಆಗಿಲ್ಲ."

ಡಾಕ್ಟರಮ್ಮ ಮತ್ತೊಮ್ಮೆ ದೀಪ ಹಿಡಿದು ನೋಡಿದರು. ಚೀಟಿ ಬರೆದರು.

ಹೊರಗೆ ಬಂದು ಶಿವಮಲ್ಲಪ್ಪ ಕಟ್ಟೆಯ ಮೇಲೆ ಕೂತ. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕದೊಳಗೆ ಬಿಸಿಲು ಕೂಡ ಹಾಲಿನಂತೆ ಚೆಲ್ಲಿತ್ತು. ಅವನಿಗೆ ನಿಜಕ್ಕೂ ಭಯವಾಯಿತು. ಮೂಟೆಯ ತೂಕ ಹಾಳಾಗಲಿ, ಬೆಲ್ಲದ ಡಬ್ಬಿ ಮುಚ್ಚಿಡುವಾಗ ಶಾಂತಮಲ್ಲಮ್ಮ ಮಾಡುವ ಸಿಡುಕು ಮುಖವೂ ಇನ್ನು ಕಾಣದೇ ಹೋದರೆ ಎನ್ನಿಸಿತು. ಅಲ್ಲಿಯೇ ಒಂದು ನಿರ್ಧಾರಕ್ಕೆ ಬಂದ. ಸಾಕು ಈ ಮುಚ್ಚುಮರೆ. ಮಾರುಕಟ್ಟೆಗೆ ಹೋಗಿ ಎಲ್ಲರ ಮುಂದೆ ನಿಜ ಹೇಳುವುದು, ಮಂಗಳವಾರ ರಜ ಹಾಕಿ ಲೇಸರ್ ಮಾಡಿಸಿಕೊಳ್ಳುವುದು.

ಬೋರ್ಡು ಕಾಣದೆ ಇಬ್ಬರನ್ನು ಕೇಳಿ ಗುಂಡ್ಲುಪೇಟೆ ಬಸ್ಸು ಹತ್ತಿದ. ಮಾರುಕಟ್ಟೆಗೆ ಬಂದಾಗ ನಾಲ್ಕು ದಾಟಿತ್ತು. ಒಳಗೆ ಕಾಲಿಟ್ಟರೆ ಎಲ್ಲೆಲ್ಲೂ ಕೆಂಪು. ಇದೂ ಕಣ್ಣಿನೊಳಗಿನ ರಕ್ತವೇ ಎಂದು ಅವನು ಎದೆ ಹಿಡಿದುಕೊಂಡ. ಅದು ರಕ್ತವಲ್ಲ, ಬೀಟ್‌ರೂಟ್.

"ಬಂದ್ರು ಬಂದ್ರು!" ಎಂದು ಪುಟ್ಟರಾಜು ಓಡಿ ಬಂದ. "ಏನಣ್ಣ ನೀವು, ನಮ್ಗೊಂದು ಮಾತು ಹೇಳ್ಬಾರ್ದಾ? ಜಿಲ್ಲೆಯ ಹಾಸ್ಟೆಲ್‌ಗಳಿಗೆಲ್ಲ ಬೀಟ್‌ರೂಟ್ ಆರ್ಡರ್ ಆಗಿದ್ಯಂತಲ್ಲ, ಡಿಸಿ ಆಫೀಸ್ನಲ್ಲಿ?"

"ಯಾರ್ಲಾ ಹೇಳಿದ್ದು?"

"ಯಾರ್ ಹೇಳ್ಬೇಕು? ಎಲ್ರಿಗೂ ಗೊತ್ತು."

ವೃಷಭೇಂದ್ರಪ್ಪ ಒಬ್ಬನೇ ಮೂರು ಲಾರಿ ಮಾಲು ಹಿಡಿದಿದ್ದ. ಉಳಿದವರು ಬೇಗೂರಿನ ಹೊಲಗಳಿಂದ ನೆಲದೊಳಗಿದ್ದ ಗಡ್ಡೆಯನ್ನೂ ಕೀಳಿಸಿ ತಂದಿದ್ದರು. ಬೆಳಿಗ್ಗೆ ದನ ಮೂಸದ ಗುಡ್ಡೆಗೆ ಈಗ ಇಬ್ಬರು ಕಾವಲು ಕೂತಿದ್ದರು.

ಶಿವಮಲ್ಲಪ್ಪ ಒಂದು ಖಾಲಿ ಕ್ರೇಟಿನ ಮೇಲೆ ಹತ್ತಿ ನಿಂತ. "ಕೇಳ್ರಪ್ಪ. ಆರ್ಡರೂ ಇಲ್ಲ, ಗೀರ್ಡರೂ ಇಲ್ಲ. ನಾನು ಹೋಗಿದ್ದು ಕಣ್ಣಾಸ್ಪತ್ರೆಗೆ. ಬೆಳಿಗ್ಗೆ ಕೈ ಎತ್ತಿದ್ದು ನೊಣ ಓಡ್ಸಕ್ಕೆ. ಅದೂ ನೊಣ ಅಲ್ಲ, ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ಜಿನುಗ್ತಾ ಅದೆ. ನಂಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ."

ವೃಷಭೇಂದ್ರಪ್ಪ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಅವನ ಹಿಂದೆ ಎಲ್ಲರೂ.

"ಬೆಕ್ಕು ಕಣ್ಮುಚ್ಕಂಡೇ ಹಾಲು ಕುಡಿಯೋದು ಕಣಪ್ಪ! ನಾವು ಮಾಲು ಬುಟ್ಬುಡ್ಲಿ, ಎಲ್ಲ ನೀನೊಬ್ನೇ ಬಾಚ್ಕಳನ ಅಂತ ತಾನೆ? ಕಪ್ಪು ಕನ್ನಡ್ಕ ಬೇರೆ ಹಾಕ್ಕಂಡು ಬಂದವ್ನೆ!"

"ಶಿವನಾಣೆಗೂ ಕಾಣಲ್ಲ ಕಣಣ್ಣ."

"ಕಾಣಲ್ವಾ? ಆಯ್ತು. ಮುದ್ದಯ್ಯ, ಒಂದು ಮೂಟೆ ತತ್ತಾ. ಯಾವ್ದಾದ್ರೂ ಸರಿ."

ಶಿವಮಲ್ಲಪ್ಪನಿಗೆ ಸಂತೋಷವೇ ಆಯಿತು. ಇನ್ನು ವಾದ ಬೇಡ, ಎಲ್ಲರೆದುರು ತಪ್ಪು ತೂಕ ಹೇಳಿದರೆ ತಾನಾಗಿಯೇ ನಂಬುತ್ತಾರೆ. ಮುದ್ದಯ್ಯ ಮೂಟೆ ಹೊತ್ತು ತಂದು ಅವನ ಕಾಲ ಬಳಿ ಧಪ್ಪನೆ ಇಳಿಸಿದ. ಶಿವಮಲ್ಲಪ್ಪನ ಕಣ್ಣಿಗೆ ಕಂಡದ್ದು ಒಂದು ಮಬ್ಬು ಗುಪ್ಪೆ. ಅದು ಮೂಟೆಯೋ, ಕೂತಿದ್ದ ಮನುಷ್ಯನೋ ಹೇಳುವಂತಿರಲಿಲ್ಲ. ಕಣ್ಣು ಪೂರ್ತಿ ಕೈಕೊಟ್ಟದ್ದರಿಂದಲೋ ಏನೋ, ಆ ದಿನ ಮೊದಲ ಸಲ ಅವನ ಕಿವಿ ಚುರುಕಾಗಿತ್ತು. ಬಗ್ಗಿದ್ದ ಮುದ್ದಯ್ಯ ಏಳುವಾಗ ಏದುಸಿರಿನ ಜೊತೆ ತುಟಿಯಲ್ಲೇ ಏನೋ ಅಂದ.

"ಐವತ್ತೆಂಟು."

"ಐವತ್ತೆಂಟು" ಎಂದಿತು ಶಿವಮಲ್ಲಪ್ಪನ ಬಾಯಿ. ಅವನು ಹೇಳಲಿಲ್ಲ, ಬಾಯಿ ಅಭ್ಯಾಸಬಲದಿಂದ ತಾನೇ ಹೇಳಿತು.

ಪುಟ್ಟರಾಜು ಮೂಟೆಯನ್ನು ತಕ್ಕಡಿಗೆ ಏರಿಸಿದ. ಐವತ್ತೆಂಟು. ಸಿಳ್ಳೆ ಬಿತ್ತು. ಯಾರೋ ಬೆನ್ನು ತಟ್ಟಿದರು, ಯಾರೋ ಬಾಯಿಗೆ ಪೇಡ ತುರುಕಿದರು. ವೃಷಭೇಂದ್ರಪ್ಪ ಕ್ರೇಟಿನ ಮೇಲೆ ತಾನೇ ಹತ್ತಿ ಸಾರಿದ: "ಮಂಗಳವಾರ ಮಾಲೆಲ್ಲ ಲಾರಿಗೆ ತುಂಬೋದು. ಹಾಸ್ಟೆಲ್ ಆರ್ಡರ್ ಸರ್ಕಾರದ್ದು, ತೂಕದಲ್ಲಿ ಮೋಸ ಆಗ್ಬಾರ್ದು. ಎಲ್ಲಾರ ಮೂಟೆನೂ ಶಿವಮಲ್ಲಪ್ಪನೇ ನೋಡ್ಬೇಕು. ಬ್ಯಾರೆ ಯಾರ ಕಣ್ಣೂ ನಂಗೆ ನಂಬ್ಕೆ ಇಲ್ಲ!"

ಜನ ಚದುರಿದ ಮೇಲೆ ಶಿವಮಲ್ಲಪ್ಪ ಮುದ್ದಯ್ಯನನ್ನು ತಡವಿ ತೋಳು ಹಿಡಿದುಕೊಂಡ.

"ಎಷ್ಟು ದಿನದಿಂದ್ಲಾ?"

ಮುದ್ದಯ್ಯ ತಲೆ ಕೆರೆದ. "ಶಿವರಾತ್ರಿಯಿಂದ ಸಾವ್ಕಾರ್ರೆ. ಆವತ್ತು ಅರವತ್ತರ ಮೂಟೆಗೆ ನಲವತ್ತೈದು ಅಂದ್ಬುಟ್ರಿ. ಯಾರೂ ಗಮನುಸ್ಲಿಲ್ಲ. ನಂಗೆ ಜೀವ ಹೊಡ್ಕಬುಟ್ತು. ಆಗಿಂದ ಇಳುಸ್ವಾಗ ಮೆಲ್ಲಕೆ ಹೇಳ್ತಿದ್ದಿ. ಬೆನ್ನಿಗೆ ಗೊತ್ತಾಯ್ತದೆ ಕಣ್ರಿ. ನೀವೂ ಹಂಗೇ ಹೇಳ್ತಿದ್ರಿ. ಕೇಳುಸ್ಕಂಡೇ ಹೇಳ್ತಾವ್ರೆ ಅನ್ಕಂಡಿದ್ದಿ."

ಆರು ತಿಂಗಳ ಹೊಗಳಿಕೆಯೆಲ್ಲ ಇನ್ನೊಬ್ಬನ ಬೆನ್ನಿಗೆ ಸೇರಬೇಕಾದದ್ದು. ಶಿವಮಲ್ಲಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಒಂದು ಸಣ್ಣ ನೆಮ್ಮದಿಯೂ ಬಂತು. ಕಣ್ಣು ಹೋದರೂ ಮುದ್ದಯ್ಯನಿದ್ದಾನೆ.

"ಹಂಗಾದ್ರೆ ಇನ್ಮೇಲೂ ಹಂಗೇ ನಡೀಲಿ ಕಣ್ಲಾ. ಲೇಸರ್‌ಗೆ ಇನ್ನೊಂದು ದಿನ ಕೇಳ್ಕತೀನಿ. ಮಂಗಳವಾರ ಒಂಚೂರು ಗಟ್ಟಿಯಾಗಿ ಹೇಳು. ಮೂಟೆ ನೋಡಿದ್ದಕ್ಕೆ ಬಂದ ಕೂಲೀಲಿ ಅರ್ಧ ನಿಂದು."

"ಅದನ್ನೇ ಹೇಳನ ಅಂತಿದ್ದಿ" ಎಂದ ಮುದ್ದಯ್ಯ, ಕಾಲಿನಿಂದ ನೆಲ ಕೆದಕುತ್ತ. "ಸೋಮವಾರದಿಂದ ನಾನು ಬರಲ್ಲ ಸಾವ್ಕಾರ್ರೆ. ಬಂಡೀಪುರದಲ್ಲಿ ವಾಚರ್ ಕೆಲ್ಸ ಸಿಕ್ತು. ಕಣ್ಣಿನ್ ಟೆಸ್ಟ್ ಮಾಡುದ್ರು. ಇಂತಾ ಕಣ್ಣು ನೋಡೇ ಇಲ್ಲ ಅಂದ್ರು."

ಹೋಗಬೇಡ ಎನ್ನಲು ಶಿವಮಲ್ಲಪ್ಪನಿಗೆ ಬಾಯಿ ಬರಲಿಲ್ಲ. "ಒಳ್ಳೇದಾಯ್ತು ಬುಡ್ಲಾ" ಎಂದ. ಹೊತ್ತು ಇಳಿಯುತ್ತಿತ್ತು, ಹನಿಯ ಮಂಜು ಇನ್ನೂ ಇಳಿದಿರಲಿಲ್ಲ, ಎದುರಿನ ಹೆದ್ದಾರಿಯಲ್ಲಿ ಲಾರಿಗಳು ಬರೀ ಸದ್ದಾಗಿ ಓಡಾಡುತ್ತಿದ್ದವು. "ಇವತ್ತೊಂದಿನ ಮನೆಗಂಟ ಕೈ ಹಿಡ್ಕಂಡು ಬಿಟ್ಬುಡು."

ಮುದ್ದಯ್ಯ ಕೈ ಹಿಡಿದುಕೊಂಡ. ಒಂದೊಂದೇ ಹೆಜ್ಜೆ ತಡವುತ್ತ ಶಿವಮಲ್ಲಪ್ಪ ಮಾರುಕಟ್ಟೆಯ ಗೇಟು ದಾಟುವಾಗ, ಹಿಂದೆ ವೃಷಭೇಂದ್ರಪ್ಪನ ದನಿ ಮೆಚ್ಚುಗೆಯಿಂದ ಹೇಳುತ್ತಿತ್ತು:

"ಆಹಾ, ನೋಡ್ರಲಾ, ನೋಡಿ ಕಲೀರಿ! ಯಾಪಾರದ ಗುಟ್ಟು ಉಳುಸ್ಕಳಕ್ಕೆ ಮನೆ ತನಕನೂ ಕುರುಡ್ನಂಗೇ ನಡ್ಕಂಡು ಓಯ್ತಾವ್ನೆ!"