ದರ್ಜಿಯ ತೋಳು, ಊರಿನ ರುಜು

ಶಾಂತಿಗ್ರಾಮದ ದರ್ಜಿ ಪಂಚಾಕ್ಷರಯ್ಯನ ಬಲತೋಳಿಗೆ ಮದ್ದಿನ ಕಂಪನಿಯ ಡಾಕ್ಟರು ಚುಚ್ಚಿದ ಸೂಜಿ ಜಾಲಿಮುಳ್ಳಿಗಿಂತ ದೊಡ್ಡದಾಗಿರಲಿಲ್ಲ. ಚಳಿಜ್ವರ ಬಾರದಿರಲೆಂದು ಊರಿಗೆಲ್ಲ ಚುಚ್ಚಿದ್ದರು. ಬೆಳಗಾಗುವುದರೊಳಗೆ ಅವನ ತೋಳು ಬೂದುಗುಂಬಳದಂತೆ ಊದಿ, ಹೊಲಿಗೆ ಯಂತ್ರದ ಹಿಡಿ ತಿರುಗಿಸಲಾರದೆ ಜೋತುಬಿದ್ದಿತು. ಆ ತೋಳೇ ಅವನ ಅನ್ನ. ಇನ್ನೂ ಎರಡು ಸೂಜಿಗಳು ಬಾಕಿಯಿದ್ದವು.

ನೆರೆಮನೆಯ ಬೆಟ್ಟಮ್ಮ ಬಿಸಿ ರಾಗಿಮುದ್ದೆಯ ಶಾಖ ಕೊಟ್ಟು ಚರ್ಮವನ್ನೂ ಸುಟ್ಟಳು. ಎದುರುಮನೆಯ ಮಂಚಯ್ಯ ಊತವನ್ನು ಹಿಚುಕಿ ನೋಡಿ, "ಒಳ್ಳೇ ಪೈಲ್ವಾನ್ ತೋಳು ಕಣಪ್ಪಾ, ಇನ್ನೊಂದೂ ಅಂಗೇ ಆಗ್ಲಿ ಬುಡು" ಎಂದು ಸಮಾಧಾನ ಹೇಳಿದ.

ಆ ದಾರಿಯಲ್ಲಿ ಬಂದ ಡಾಕ್ಟರ ಕಾಂಪೌಂಡರನನ್ನು ಪಂಚಾಕ್ಷರಯ್ಯ ತಡೆದು ನಿಲ್ಲಿಸಿದ.

"ಎಂಥ ಮದ್ದಯ್ಯಾ ಇದು?"

"ಹೊಸದು ಸ್ವಾಮಿ. ಮೊಲಗಳಿಗೆ ಕೊಟ್ಟು ನೋಡಾಯ್ತು. ಆಮೇಲೆ ನಿಮ್ಮೂರು."

"ಮೊಲ ಏನಾದ್ವು?"

"ಅದನ್ನ ಬರೆದ ಪುಸ್ತಕ ಬೆಂಗಳೂರಿನಲ್ಲಿದೆ."

ಪಂಚಾಕ್ಷರಯ್ಯನ ಕೋಪ ಒಲೆಯ ಮೇಲೆ ಮರೆತ ಹಾಲಿನಂತೆ ಉಕ್ಕಿತು. ನೇರವಾಗಿ ಪಟೇಲ ಚೆನ್ನಯ್ಯನ ಜಗಲಿಗೆ ನುಗ್ಗಿದ.

"ನನ್ ಮೇಲೆ ಮದ್ದು ಪರೀಕ್ಷೆ ಮಾಡೋಕೆ ಒಪ್ಪಿಗೆ ಕೊಟ್ಟೋರ್ ಯಾರು?"

"ನಾನೇ ಕಣ್ಲಾ. ಊರ್ ಪರ್ವಾಗಿ ರುಜು ಆಕಿವ್ನಿ. ಕೆರೆ ತೂಬೆತ್ತೋಕೂ ನಾನೇ ಅಲ್ವಾ ಆಕೋದು?"

"ಕೆರೆ ಊರ್ದು, ತೋಳು ನಂದು!"

"ತೋಳು ಊರಾಗೇ ಅಲ್ವೇನ್ಲಾ ಇರಾದು?"

"ಅಂಗಾದ್ರೆ ನಿಮ್ ತೋಳ್ ತೋರ್ಸಿ!"

ಪಟೇಲ ಶಾಲನ್ನು ಬಿಗಿಯಾಗಿ ಹೊದ್ದುಕೊಂಡ. "ವಯಸ್ಸಾದೋರ್ ಅಂತ ನನ್ನ ಬುಟ್ಬುಟ್ರು."

ಪಂಚಾಕ್ಷರಯ್ಯ ಮನೆಗೆ ಬಂದು, ಹೆಂಡತಿ ನೀಲಗಂಗಮ್ಮನಿಂದ ಕಾಗದ ಹಿಡಿಸಿಕೊಂಡು, ಎಡಗೈಯಲ್ಲಿ ಬರೆದ: "ನನ್ನ ದೇಹವನ್ನು ಪರೀಕ್ಷೆಗೆ ಒಪ್ಪಿಸಲು ನನ್ನ ಹೊರತು ಯಾರಿಗೂ ಅಧಿಕಾರವಿಲ್ಲ. ಕೇಳದೆ ಚುಚ್ಚಿದ್ದು ಅನ್ಯಾಯ. ನಾನು ಒಲ್ಲೆ." ಕೆಳಗೆ ರುಜು ಹಾಕಿ, ಡಾಕ್ಟರು ಬೀಡುಬಿಟ್ಟಿದ್ದ ಮುಸಾಫರಖಾನೆಗೆ ನಡೆದ. ತಮಾಷೆ ನೋಡಲು ಪಟೇಲನೂ ಸೇರಿ ಅರ್ಧ ಊರು ಹಿಂಬಾಲಿಸಿತು.

ಡಾಕ್ಟರು ಅರ್ಜಿಯನ್ನು ಓದಿ ಎದ್ದುನಿಂತರು. "ನೀವು ಹೇಳೋದು ನ್ಯಾಯ. ಬೆಂಗಳೂರಿನಿಂದಲೂ ಈಗಷ್ಟೇ ಹುಕುಂ ಬಂತು. ಪಟೇಲರ ರುಜು ನಡೆಯೋದಿಲ್ಲ, ಮದ್ದು ತಗೊಳ್ಳೋರು ತಾವೇ ರುಜು ಹಾಕಿರಬೇಕು. ಊರಿನ ಇನ್ನೂರ ಹನ್ನೆರಡು ಹೆಸರು ಹೊಡೆದುಹಾಕ್ತೀನಿ."

ಜನ ಕೇಕೆ ಹಾಕಿದರು. ಪಂಚಾಕ್ಷರಯ್ಯನ ಎದೆಯೂ ತೋಳಿನಷ್ಟೇ ಉಬ್ಬಿತು. "ನನ್ ಹೆಸ್ರೂ ಸೇರಿ ತಾನೆ ಸಾ?"

"ನಿಮ್ಮದು ಇನ್ನೂರ ಹದಿಮೂರನೆಯದು. ಸ್ವಂತ ರುಜು ಇರೋ ಕಾಗದ ಇದೊಂದೇ." ಡಾಕ್ಟರು ಅರ್ಜಿಯನ್ನು ಭಕ್ತಿಯಿಂದ ಫೈಲಿಗೆ ಸೇರಿಸಿದರು.

"ಅದ್ರಾಗೆ ಒಲ್ಲೆ ಅಂತ ಬರ್ದಿವ್ನಿ ಸಾ!"

"ನಮ್ಮ ಕಂಪನಿಯ ದೊರೆಗೆ ಕನ್ನಡ ಬಾರದು. ರುಜು ಇದೆಯೋ ಇಲ್ಲವೋ, ಅಷ್ಟೇ ನೋಡೋದು."

ಪಂಚಾಕ್ಷರಯ್ಯ ಬಾಗಿಲಿಗೆ ಧಾವಿಸಿದ. ಮಂಚಯ್ಯ ಅಡ್ಡನಿಂತು ಅಪ್ಪಿ ಹಿಡಿದ.

"ಓಗ್ಬ್ಯಾಡ ಕಣಪ್ಪಾ! ನೀನೂ ತಪ್ಪುಸ್ಕೊಂಡ್ರೆ ತಿರ್ಗಾ ನಮ್ಮುನ್ನೇ ಇಡೀತಾರೆ!"

ನಾಲ್ವರು ಅವನನ್ನು ಬೆಂಚಿಗೆ ಒತ್ತಿದರು. ಕಾಂಪೌಂಡರ್ ಸೂಜಿ ಕುದಿಸಿ ತಂದು, ಬಲತೋಳಿನಲ್ಲಿ ಜಾಗವಿಲ್ಲವೆಂದ. ಎಡತೋಳಿನ ಅಂಗಿಯನ್ನು ಮಡಿಸಿ, ನೀಟಾಗಿ ಚಾಚಿ ಹಿಡಿದುಕೊಟ್ಟವನು ಪಟೇಲ ಚೆನ್ನಯ್ಯ.